ಐವತ್ತು ನಿಮಿಷದ ಹಾಲು

ಆ ಬೆಳಿಗ್ಗೆ ಮೋಡವೆಂಬುದು ಹೆಸರಿಗೂ ಇರಲಿಲ್ಲ. ರಾತ್ರಿಯೆಲ್ಲ ಬೀಸಿದ ಚಳಿಗಾಳಿ ಬೆಳಗಾಗುವಷ್ಟರಲ್ಲಿ ತನ್ನ ಕೆಲಸ ಮುಗಿಸಿ ಹೋಗಿತ್ತು. ಆಕಾಶ ಉಜ್ಜಿ ತೊಳೆದು ಬೋರಲು ಹಾಕಿದ ಪಾತ್ರೆಯ ಹಾಗೆ ಬೆಟ್ಟದ ಸಾಲಿನ ಮೇಲೆ ಕೂತಿತ್ತು. ಹೊಲಿಗೆಯಮ್ಮ ಮೊಮ್ಮಗನನ್ನು ಶಾಲಿನಲ್ಲಿ ಸುತ್ತಿ ಎದೆಗೊತ್ತಿಕೊಂಡು ತಾರಸಿಯ ಮೋಟುಗೋಡೆಗೆ ಆನಿಕೊಂಡು ನಿಂತಿದ್ದಳು. ಬೆಟ್ಟದ ಆಚೆಯಿಂದ ಮೊದಲು ಸದ್ದು ಬಂತು, ಆಮೇಲೆ ಚುಕ್ಕೆ, ಆಮೇಲೆ ರೆಕ್ಕೆ.

"ಬಂತು ನೋಡೋ ನಿನ್ನ ಊಟ," ಅಂದಳು.

ಮಗು ಆಕಾಶ ನೋಡಲಿಲ್ಲ. ಅಜ್ಜಿಯ ಕನ್ನಡಕದ ದಾರವನ್ನು ಬಾಯಿಗೆ ಹಾಕಿಕೊಂಡಿತು.

ಸಂಗತಿ ಇಷ್ಟೇ. ಹೊಲಿಗೆಯಮ್ಮನ ಸೊಸೆ ಊರಾಚೆಯ ಸಣ್ಣ ವಿಮಾನ ನಿಲ್ದಾಣದಲ್ಲಿ, ಟಿಕೆಟ್ ನೋಡಿ ಸಾಮಾನು ತೂಗಿ ಜನರನ್ನು ಒಳಗೆ ಬಿಡುವ ಕೌಂಟರಿನಲ್ಲಿ ಕೆಲಸಕ್ಕಿದ್ದಳು. ಹೆರಿಗೆ ರಜೆ ಮುಗಿಸಿ ಹೋದದ್ದೇ ತಡ, ಮೇಲಿನವರು ಅವಳನ್ನು ಬೆಟ್ಟದ ಆಚೆಯ ಊರಿನ ನಿಲ್ದಾಣಕ್ಕೆ ಹಾಕಿದರು. ಅಲ್ಲಿ ಆಳು ಕಡಿಮೆ, ಬೇಸಿಗೆ ಬರುವ ತನಕ ಮಾತ್ರ ಎಂದರು. ಇರಲು ಕೊಟ್ಟದ್ದು ಮೂರು ಹೆಂಗಸರು ಹಂಚಿಕೊಳ್ಳುವ ಒಂದು ಕೋಣೆ. ಮಗುವಿಗೆ ಅಲ್ಲಿ ಜಾಗವಿಲ್ಲ. ಒಲ್ಲೆ ಎಂದರೆ ಕೆಲಸ ಬಿಡಬೇಕು. ಬಿಡೋಣವೆಂದರೆ ಮನೆ ಬಾಡಿಗೆ, ಮಾವನ ಎದೆನೋವಿನ ಮಾತ್ರೆ, ಎರಡೂ ನಡೆಯುತ್ತಿದ್ದದ್ದು ಅವಳ ಸಂಬಳದಲ್ಲೇ. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವನ ದುಡಿಮೆ ಊಟಕ್ಕೆ ಸರಿಹೋಗುತ್ತಿತ್ತು.

ಅವಳು ಹೊರಡುವ ಹಿಂದಿನ ದಿನ ಮಧ್ಯಾಹ್ನ, ಎಲ್ಲರೂ ತಟ್ಟೆಯ ಮುಂದೆ ಕೂತಿದ್ದಾಗಲೇ ಮಾತು ಎದ್ದಿತು.

"ಐವತ್ತು ನಿಮಿಷ ಅತ್ತೆ," ಅಂದಳು ಸೊಸೆ. "ನೀವು ಮಾರ್ಕೆಟ್ಟಿಗೆ ಹೋಗಿ, ಸೊಪ್ಪಿನವಳ ಹತ್ರ ಜಗಳ ಆಡಿ, ವಾಪಸ್ ಬರೋಷ್ಟು ಹೊತ್ತು. ಬೆಳಿಗ್ಗೆ ಎದ್ದು ಹಾಲು ಹಿಂಡಿ, ಐಸ್ ಪೆಟ್ಟಿಗೇಲಿಟ್ಟು ಮೊದಲನೇ ವಿಮಾನಕ್ಕೆ ಹಾಕ್ತೀನಿ. ಸಾಮಾನು ಇಳಿಸೋರಿಗೆ ಹೇಳಿದ್ದೀನಿ. ಇವರು ಡ್ಯೂಟಿಗೆ ಹೋಗೋ ಮುಂಚೆ ಗೇಟಿನಲ್ಲಿ ಇಸ್ಕೊಂಡು ಬರ್ತಾರೆ. ಮಗುಗೆ ದಿನಾ ನನ್ನ ಹಾಲೇ."

"ಐವತ್ತು ನಿಮಿಷ ಯಾರಿಗೆ?" ಅಂದ ಲಾರಿಯಜ್ಜ. ಅವನು ಮಾವ, ಮೂವತ್ತು ವರ್ಷ ಆ ಬೆಟ್ಟದ ದಾರಿಯಲ್ಲಿ ಲಾರಿ ಓಡಿಸಿ ಸೊಂಟ ಹಾಳುಮಾಡಿಕೊಂಡು ಕೂತವನು. "ಹದ್ದಿಗೆ ಐವತ್ತು ನಿಮಿಷ. ಮನುಷ್ಯರಿಗೆ ಆ ಊರು ಒಂದು ಹಗಲು ದೂರ ಕಣಮ್ಮ. ಬೆಳಗಿನ ಚಹಾ ಇಲ್ಲಿ, ಊಟ ಬೆಟ್ಟದ ನೆತ್ತಿ ಮೇಲೆ, ದೀಪ ಹಾಕೋ ಹೊತ್ತಿಗೆ ಅಲ್ಲಿ."

"ಅದು ನಿಮ್ಮ ಲಾರಿ ಲೆಕ್ಕ ಮಾವ."

"ಲಾರಿ ಲೆಕ್ಕಾನೇ ನೆಲದ ಲೆಕ್ಕ. ಆಕಾಶದಲ್ಲಿ ಇನ್ನೂ ಯಾರೂ ಮನೆ ಕಟ್ಟಿಲ್ಲ."

ಹೊಲಿಗೆಯಮ್ಮ ಗಂಜಿಯ ಪಾತ್ರೆಯನ್ನು ಸ್ವಲ್ಪ ಜೋರಾಗಿಯೇ ಕೆಳಗಿಟ್ಟಳು. "ಹಾಲು ಹಿಂಡೋದಂತೆ, ಪೆಟ್ಟಿಗೆಗೆ ತುಂಬೋದಂತೆ, ಗಾಳೀಲಿ ಕಳಿಸೋದಂತೆ. ಕೇಳಿದವರು ಏನಂತಾರೆ? ಹಸುವಿನ ಹಾಲಿಗೆ ಏನು ಬಂದಿದೆ ಕೇಡು? ನಿನ್ನ ಗಂಡ ಕುಡಿದು ಬೆಳೀಲಿಲ್ವಾ?"

"ಅದಕ್ಕೇ ಹಿಂಗಿದ್ದೀನಿ," ಅಂದ ಮಗ.

ಲಾರಿಯಜ್ಜ ನಕ್ಕ. ಸೊಸೆ ನಗಲಿಲ್ಲ. ತಟ್ಟೆಯಲ್ಲಿ ಬೆರಳಾಡಿಸುತ್ತ, ತಲೆ ಎತ್ತದೆ ಹೇಳಿದಳು. "ಅವನು ನನ್ನ ಹಾಲು ಬಿಟ್ಟ ದಿನ ನಾನು ಕೆಲಸ ಬಿಟ್ಟು ಬರ್ತೀನಿ. ಬಾಡಿಗೆ ಏನಾದರೂ ಆಗಲಿ. ಜಗಳಕ್ಕೆ ಹೇಳ್ತಿಲ್ಲ ಅತ್ತೆ. ಗೊತ್ತಿರಲಿ ಅಂತ ಹೇಳ್ತಿದ್ದೀನಿ."

ಹೀಗೆ ಶುರುವಾಯಿತು. ದಿನವೂ ಬೆಳಿಗ್ಗೆ ಬೆಟ್ಟ ದಾಟಿ ಎರಡು ರೆಕ್ಕೆಯಲ್ಲೂ ಗಾಳಿಪಂಖ ತಿರುಗಿಸುತ್ತ ಆ ಸಣ್ಣ ವಿಮಾನ ಬರುತ್ತಿತ್ತು. ಲಾರಿಯಜ್ಜ ಅದಕ್ಕೆ ದುಂಬಿ ಎಂದು ಹೆಸರಿಟ್ಟ. ಮಗ ಗೇಟಿನಿಂದ ನೀಲಿ ಪೆಟ್ಟಿಗೆ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಡಿಪೋಗೆ ಓಡುತ್ತಿದ್ದ. ಉಳಿದದ್ದೆಲ್ಲ ಹೊಲಿಗೆಯಮ್ಮನ ಪಾಲಿಗೆ.

ಅವಳು ಪೆಟ್ಟಿಗೆ ತೆರೆದು, ಬಾಟಲಿ ಎತ್ತಿ, ಹಾಲನ್ನು ಪಾತ್ರೆಗೆ ಸುರಿದು, ಒಲೆಯ ಮೇಲಿಟ್ಟು ಕಾಸಿದಳು.

ಇದರಲ್ಲಿ ಅವಳಿಗೆ ಯೋಚಿಸುವಂಥದ್ದೇನೂ ಕಾಣಲಿಲ್ಲ. ಆ ಮನೆಯಲ್ಲಿ ಹಾಲೆಂದರೆ ಕಾಸಿದ್ದು. ಅವಳ ತಾಯಿ ಕಾಸುತ್ತಿದ್ದಳು, ತಾಯಿಯ ತಾಯಿಯೂ ಕಾಸುತ್ತಿದ್ದಳು. ಹೊರಗಿನಿಂದ ಬಂದ ಹಾಲು, ಹತ್ತು ಕೈ ದಾಟಿ ಬಂದದ್ದು, ಅದೂ ಮೋಡದಲ್ಲಿ ಅಲ್ಲಾಡಿ ಬಂದದ್ದು. ಹಸಿಯಾಗಿ ಮಗುವಿನ ಬಾಯಿಗೆ ಇಡುವವರು ಯಾರು? ಅವಳು ಅದು ಉಕ್ಕಿ ಬರುವ ತನಕ ಒಲೆ ಬಿಟ್ಟು ಕದಲಲಿಲ್ಲ. ಮೇಲೆ ಕಟ್ಟಿದ ತೆಳು ಕೆನೆಯನ್ನು, ಗಂಟಲಿಗೆ ಸಿಕ್ಕೀತೆಂದು, ಚಮಚದಿಂದ ತೆಗೆದು ಬಿಸಾಡಿದಳು. ಬುಗುರಿ ಎರಡು ಗುಟುಕು ಕುಡಿದು ಮುಖ ತಿರುಗಿಸಿದ. ಹಾಸಿಗೆಯಲ್ಲಿ ಬಿಟ್ಟರೆ ಗಿರಗಿರನೆ ತಿರುಗುತ್ತಿದ್ದನೆಂದು ಮಗುವಿಗೆ ಅಜ್ಜ ಇಟ್ಟ ಹೆಸರು ಅದು.

"ರುಚಿ ಕೆಟ್ಟಿರಬೇಕು. ಅಷ್ಟು ದೂರದಿಂದ ಬರೋದಲ್ವಾ," ಅಂದಳು ಗಂಡನ ಹತ್ತಿರ.

"ಐವತ್ತು ನಿಮಿಷ ಅಂದಳಲ್ಲ," ಅಂದ ಅವನು.

ವಾರದ ರಜೆಗೆ ಸೊಸೆ ಬಂದಳು. ವಿಮಾನದಲ್ಲಿ ಸೀಟು ಖಾಲಿ ಉಳಿದರೆ ಕೆಲಸದವರಿಗೆ ಕೊಡುತ್ತಿದ್ದರು. ಚಪ್ಪಲಿ ಬಿಟ್ಟವಳೇ ಮಗುವನ್ನು ಎತ್ತಿಕೊಂಡು, ಅದರ ಕುತ್ತಿಗೆಯಲ್ಲಿ ಮುಖವಿಟ್ಟಳು. ಆಮೇಲೆ ತಲೆ ಎತ್ತಿ ನೋಡಿದರೆ ಒಲೆಯ ಮೇಲೆ ಸಣ್ಣ ಪಾತ್ರೆ, ಪಾತ್ರೆಯಲ್ಲಿ ಬೆಳ್ಳಗೆ ಏನೋ ಗುಳುಗುಳು ಅನ್ನುತ್ತಿತ್ತು.

"ಅತ್ತೆ, ಅದು ಯಾವ ಹಾಲು?"

"ಯಾವುದು ಅಂದರೆ? ನಿಂದೇ."

"ಕಾಸ್ತಿದ್ದೀರಾ?"

"ಮತ್ತೆ? ಹಸಿ ಹಾಲು ಕುಡಿಸೋದಕ್ಕೆ ಆಗತ್ತಾ ಕೂಸಿಗೆ?"

ಸೊಸೆಯ ದನಿ ತಣ್ಣಗಿತ್ತು. "ಇಲ್ಲಿದ್ದಾಗ ಎದೆಗೆ ಹಾಕ್ಕೊಂಡು ಕುಡಿಸ್ತಿದ್ನಲ್ಲ ಅತ್ತೆ. ಆಗ ಯಾವ ಒಲೆ ಮೇಲೆ ಕಾಸ್ತಿದ್ದೆ?"

ಹೊರಗಿನ ಕೋಣೆಯಲ್ಲಿ ಲಾರಿಯಜ್ಜನ ನಗು ಕೆಮ್ಮಾಗಿ ತಿರುಗಿತು. ಅದೇ ಹೊಲಿಗೆಯಮ್ಮನಿಗೆ ಚುಚ್ಚಿದ್ದು. "ನನ್ನ ಒಲೆ ಮುಂದೆ ನನಗೇ ಪಾಠ ಹೇಳಬೇಡ. ನಾನೂ ಮಕ್ಕಳನ್ನ ಹೆತ್ತು ಸಾಕಿದವಳೇ."

"ಸಾಕಿದ್ದೀರಿ, ಯಾರು ಇಲ್ಲ ಅಂದರು? ಆದರೆ ಆ ಹಾಲಿಗೆ ನಾನು ಅಲ್ಲಿ ಕಕ್ಕಸಿನ ಬಾಗಿಲು ಹಾಕ್ಕೊಂಡು ಕೂತಿರ್ತೀನಿ ಅತ್ತೆ. ಬೇರೆ ಜಾಗ ಇಲ್ಲ. ಹೊರಗೆ ಜನ ಬಾಗಿಲು ಬಡೀತಾ ಇರ್ತಾರೆ. ಕಣ್ಣು ಮುಚ್ಕೊಂಡು ಇವನ ಮುಖ ನೆನೆಸ್ಕೊಂಡರೆ ಬರತ್ತೆ, ಇಲ್ಲದಿದ್ದರೆ ಇಲ್ಲ. ಅದನ್ನ ನೀವು ಉಕ್ಕಿಸಿ, ಕೆನೆ ತೆಗೆದು…"

ಮಗ ಬಾಗಿಲಲ್ಲಿ ನಿಂತು ಅಮ್ಮನನ್ನೂ ಹೆಂಡತಿಯನ್ನೂ ನೋಡಿದ. ಯಾರ ಕಡೆ ಮಾತಾಡಿದರೂ ತನಗೆ ಊಟ ಸಿಗುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಒಲೆ ಆರಿಸಿ ಹೋದ.

ಕಿಟಕಿ ತೆರೆದೇ ಇತ್ತು. ಕೆಳಗಿನ ಇಸ್ತ್ರಿ ಅಂಗಡಿಯಲ್ಲಿ ಈ ಮಾತೆಲ್ಲ ಕೇಳಿಸಿರಬೇಕೆಂದು ಹೊಲಿಗೆಯಮ್ಮನಿಗೆ ಅನ್ನಿಸಿತು. ಅದು ಇನ್ನೊಂದು ಅವಮಾನ. ಏಕೆಂದರೆ ಇಸ್ತ್ರಿಯವಳಿಗೂ ಅವಳಿಗೂ ವರ್ಷದಿಂದ ಮಾತಿರಲಿಲ್ಲ. ತಾರಸಿಯಲ್ಲಿ ಹೊಲಿಗೆಯಮ್ಮ ಹರವಿದ ಒದ್ದೆ ಬಟ್ಟೆಯ ನೀರು, ಕೆಳಗೆ ಇಸ್ತ್ರಿ ಮಾಡಿ ಜೋಡಿಸಿಟ್ಟ ಬಿಳಿ ಅಂಗಿಗಳ ಮೇಲೆ ಹನಿಯಿತೆಂದು ಒಂದು ದಿನ ದೊಡ್ಡ ಮಾತಾಗಿತ್ತು. "ನಿನ್ನ ಅಂಗಡಿ ಬಂದದ್ದು ನಿನ್ನೆ, ನನ್ನ ಹಗ್ಗ ಕಟ್ಟಿ ಹದಿನೈದು ವರ್ಷ ಆಯ್ತು," ಎಂದು ಹೊಲಿಗೆಯಮ್ಮ ಮೇಲಿನಿಂದ ಹೇಳಿದ್ದಳು. ಆಮೇಲೆ ಇಬ್ಬರೂ ಮೆಟ್ಟಿಲಲ್ಲಿ ಎದುರಾದರೆ ಗೋಡೆ ನೋಡುತ್ತಿದ್ದರು. ಇಸ್ತ್ರಿಯವಳಿಗೂ ಬುಗುರಿಯ ವಯಸ್ಸಿನದೇ ಒಂದು ಹೆಣ್ಣು ಮಗು. ಕಿಡಿ ಎಂದು ಕರೆಯುತ್ತಿದ್ದಳು. ಇಸ್ತ್ರಿಪೆಟ್ಟಿಗೆಯ ಪಕ್ಕದಲ್ಲೇ, ಬಟ್ಟೆಬುಟ್ಟಿಯಲ್ಲಿ ಬೆಳೆಯುತ್ತಿತ್ತು. ಗಂಡ ದೂರದ ಕಾರ್ಖಾನೆಗೆ ಹೋದವನು ಹಬ್ಬ ಹುಣ್ಣಿಮೆಗೂ ಕಾಣುತ್ತಿರಲಿಲ್ಲ.

ಆ ದಿನದಿಂದ ಹೊಲಿಗೆಯಮ್ಮ ಹಾಲು ಕಾಸಲಿಲ್ಲ. ಬಿಸಿನೀರಿನ ಬಟ್ಟಲಲ್ಲಿ ಬಾಟಲಿ ನಿಲ್ಲಿಸಿ, ಒಂದು ಹನಿಯನ್ನು ಮಣಿಕಟ್ಟಿಗೆ ಬಿಟ್ಟು ನೋಡಿ ಕುಡಿಸಿದಳು. ಬುಗುರಿ ಬಾಟಲಿ ಖಾಲಿಯಾಗುವ ತನಕ ಬಿಡಲಿಲ್ಲ. ಅವಳು ಅದನ್ನು ಯಾರಿಗೂ ಹೇಳಲಿಲ್ಲ. ತಪ್ಪಾಯಿತು ಎಂದೂ ಹೇಳಲಿಲ್ಲ. ಆದರೆ ಯಾರದೋ ಹಳೆಯ ಕೋಟಿನ ಒಳಬಟ್ಟೆ, ಹತ್ತಿಯ ಪದರ, ದಪ್ಪ ದಾರ ಹುಡುಕಿ ತೆಗೆದು ಎರಡು ಮಧ್ಯಾಹ್ನ ಮೆಷಿನ್ ತುಳಿದಳು. ನೀಲಿ ಪೆಟ್ಟಿಗೆಗೆ ಮೈತುಂಬ ಒಂದು ಕೋಟು, ಮೇಲೆ ಮುಚ್ಚಳಕ್ಕೆ ಟೋಪಿ, ಪಕ್ಕಕ್ಕೆ ಗುಂಡಿ.

ಖಾಲಿ ಪೆಟ್ಟಿಗೆ ಅದನ್ನು ತೊಟ್ಟುಕೊಂಡು ಮಧ್ಯಾಹ್ನದ ವಿಮಾನದಲ್ಲಿ ಬೆಟ್ಟ ದಾಟಿತು. ಸಂಜೆ ಫೋನು ಬಂತು.

"ಅತ್ತೆ, ಪೆಟ್ಟಿಗೆಗೆ ಕೋಟು ಹೊಲಿದದ್ದು ಯಾರು?"

"ಯಾರೋ."

"ಇಲ್ಲಿ ಸಾಮಾನು ಇಳಿಸೋನು ಕೇಳ್ತಿದ್ದ, ಅಕ್ಕ ಈ ಸಾಹೇಬರಿಗೆ ಟಿಕೆಟ್ ಬೇಡವಾ ಅಂತ."

ಹೊಲಿಗೆಯಮ್ಮ ಸೆಟೆದುಕೊಂಡೇ ಇದ್ದಳು. ಬಾಯಿ ಮಾತ್ರ ಸ್ವಲ್ಪ ಸಡಿಲವಾಯಿತು. "ಅಲ್ಲಿ ಊಟ ಸರಿಯಾಗಿ ಮಾಡ್ತೀಯೇನೇ? ದನಿ ಸೊರಗಿದೆ," ಅಂದಳು.

ವಾರಗಳು ಹೀಗೆ ಹೋದವು. ದುಂಬಿಯ ಸದ್ದಿಗೆ ಮನೆಯ ಗಡಿಯಾರವೇ ಒಗ್ಗಿಹೋಯಿತು. ಹೊಲಿಗೆಯಮ್ಮ ತಾರಸಿಯಲ್ಲಿ ನಿಂತು ಅದು ಬೆಟ್ಟ ದಾಟುವುದನ್ನು ನೋಡುವಾಗ ತುಟಿಯಲ್ಲಿ ದೇವರ ಹೆಸರು ಇರುತ್ತಿತ್ತು. ಯಾರ್ಯಾರೋ ಕೂತಿರುವ ಆ ಯಂತ್ರದ ಹೊಟ್ಟೆಯಲ್ಲಿ ತನ್ನ ಮನೆಯ ಕೂಸಿನ ಒಂದು ದಿನ ಇದೆ ಎಂದು ಅವಳಿಗೆ ಭಯ, ಭಕ್ತಿ ಎರಡೂ ಆಗುತ್ತಿತ್ತು.

ಆಮೇಲೆ ಮಂಜು ಬಂತು.

ಚಳಿಗಾಲ ಹೋಗುವ ಮುಂಚೆ ಒಮ್ಮೆ ತಿರುಗಿ ನೋಡಿದಂತೆ ಬಂತು. ಬೆಳಿಗ್ಗೆ ಎದ್ದು ಬಾಗಿಲು ತೆರೆದರೆ ಬೀದಿಯ ಆಚೆ ಬದಿ ಇರಲಿಲ್ಲ. ಬೆಟ್ಟ ಇರಲಿಲ್ಲ. ಹೊಲಿಗೆಯಮ್ಮ ತಾರಸಿಯಲ್ಲಿ ಕಿವಿಗೊಟ್ಟು ನಿಂತಳು. ಕೆಳಗೆ ಸೈಕಲ್ಲಿನ ಗಂಟೆ ಕೇಳಿಸಿತು, ಎಲ್ಲೋ ನಾಯಿ ಬೊಗಳಿತು. ಮೇಲಿನಿಂದ ಏನೂ ಇಲ್ಲ.

ಮಗ ಗೇಟಿನಿಂದ ಬರಿಗೈಯಲ್ಲಿ ಬಂದ. "ಇವತ್ತು ಹಾರಲ್ವಂತೆ. ನಾಳೆ ನೋಡೋಣ ಅಂದರು."

ಫ್ರಿಜ್ಜಿನ ಐಸ್ ಗೂಡಿನಲ್ಲಿ ಮುಂಚೆ ಉಳಿಸಿಟ್ಟ ಎರಡು ಬಾಟಲಿ ಇದ್ದವು. ಆ ದಿನಕ್ಕೆ ಅವೇ ಆದವು. ಕಟ್ಟಿದ ಬುತ್ತಿ ಎಷ್ಟು ದಿನ ಬಂದೀತು? ಮರುದಿನವೂ ಮಂಜು ಹಾಗೇ ಕೂತಿತ್ತು. ಹಸುವಿನ ಹಾಲಿಗೆ ನೀರು ಬೆರೆಸಿ ಕೊಟ್ಟರೆ ಬುಗುರಿ ಉಗುಳಿದ. ಡಬ್ಬಿ ಹಾಲಿನ ಪುಡಿ ತಂದು ಕಲಸಿದರೆ ಒಂದಿಷ್ಟು ಕುಡಿದು ಅಷ್ಟನ್ನೂ ಅಜ್ಜಿಯ ಹೆಗಲ ಮೇಲೆ ಕಾರಿದ. ಸಂಜೆಗೆ ಮೈ ಬೆಚ್ಚಗಾಯಿತು. ದವಾಖಾನೆಯ ನರ್ಸಮ್ಮ ನೋಡಿ, "ಹೆದರಬೇಡಿ. ಆದರೆ ಏನಾದರೂ ಹೊಟ್ಟೆಗೆ ಹೋಗಬೇಕು. ಉಚ್ಚೆ ಹುಯ್ಯೋದು ಕಮ್ಮಿಯಾದರೆ ತಕ್ಷಣ ಕರ್ಕೊಂಡು ಬನ್ನಿ," ಅಂದಳು.

ಮೂರನೆಯ ದಿನ ಬೆಳಿಗ್ಗೆ ಹೊಲಿಗೆಯಮ್ಮ ಮಗುವಿನ ಬಟ್ಟೆ ಬದಲಿಸಲು ಹೋದಳು. ಬದಲಿಸುವಂತೆ ಏನೂ ಆಗಿರಲಿಲ್ಲ; ರಾತ್ರಿ ಕಟ್ಟಿದ ಬಟ್ಟೆ ಹೆಚ್ಚುಕಡಿಮೆ ಒಣಗಿಯೇ ಇತ್ತು. ಬುಗುರಿ ತಿರುಗಲೂ ಇಲ್ಲ, ಅಳಲೂ ಇಲ್ಲ. ಅವಳನ್ನು ನೋಡುತ್ತ ಮಲಗಿದ್ದ.

ಅವಳು ಶಾಲು ಸುತ್ತಿ ಎತ್ತಿಕೊಂಡಳು.

"ದವಾಖಾನೆಗಾ?" ಅಂದ ಲಾರಿಯಜ್ಜ.

"ಮೊದಲು ಕೆಳಗೆ. ಆಗಲಿಲ್ಲ ಅಂದರೆ ಅಲ್ಲಿಗೆ."

ಅವನು ಕೋಲು ಊರಿಕೊಂಡು ಎದ್ದು ಬಾಗಿಲು ತೆಗೆದುಕೊಟ್ಟ.

ಇಸ್ತ್ರಿಯವಳು ಮೇಜಿನ ಮೇಲೆ ಪ್ಯಾಂಟಿನ ಮಡಿಕೆ ಒತ್ತುತ್ತಿದ್ದಳು. ನೆರಳು ಬಿದ್ದದ್ದು ನೋಡಿ ತಲೆ ಎತ್ತಿದಳು. "ಏನು ದೊಡ್ಡಮ್ಮ, ದಾರಿ ತಪ್ಪಿ ಬಂದ್ರಾ? ಮೂರು ದಿನದಿಂದ ನಿಮ್ಮ ತಾರಸಿಯಿಂದ ಮಳೇನೂ ಇಲ್ಲ."

ಹೊಲಿಗೆಯಮ್ಮ ಶಾಲು ಸರಿಸಿ ಮಗುವಿನ ಮುಖ ತೋರಿಸಿದಳು. ಹೇಳಬೇಕೆಂದು ಮೆಟ್ಟಿಲಿಳಿಯುವಾಗ ಜೋಡಿಸಿಕೊಂಡ ಮಾತು ಒಂದೂ ಬಾಯಿಗೆ ಬರಲಿಲ್ಲ. "ವಿಮಾನ ಬಂದಿಲ್ಲ," ಅಂದಳು, ಅಷ್ಟೇ.

ಇಸ್ತ್ರಿಯವಳು ಮಗುವಿನ ತುಟಿ ನೋಡಿದಳು. ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆರಿಸಿ, ಕೈ ತೊಳೆದು, ಬಟ್ಟೆಗಂಟಿನ ಮೇಲೆ ಕೂತಳು. "ಕೊಡಿ ಇಲ್ಲಿ."

"ನಾನು ಆವತ್ತು ಆಡಿದ ಮಾತು…"

"ಆಮೇಲೆ ಆಡಿ ಅದನ್ನ. ಈಗ ಬಾಗಿಲು ಹಾಕಿ, ತಣ್ಣನೆ ಗಾಳಿ ಬರ್ತಿದೆ."

ಬುಗುರಿ ಮೊದಲು ಮೂಗಿನಿಂದ ತಡಕಾಡಿದ. ಅಪರಿಚಿತ ವಾಸನೆಗೆ ಒಮ್ಮೆ ಹಿಂಜರಿದ. ಆಮೇಲೆ ಹಿಡಿದವನು ಬಿಡಲಿಲ್ಲ. ಮುಚ್ಚಿದ ಆ ಸಣ್ಣ ಅಂಗಡಿಯಲ್ಲಿ ಅವನು ಗುಟುಕರಿಸುವ ಸದ್ದು ಕೇಳುತ್ತ ಹೊಲಿಗೆಯಮ್ಮ ಗೋಡೆಗೆ ಮುಖ ಮಾಡಿ ನಿಂತಳು. ಅಳುವುದಕ್ಕೆ ಅವಳಿಗೆ ಬೇರೆ ಜಾಗ ಇರಲಿಲ್ಲ.

ಆ ದಿನವೂ ಮರುದಿನವೂ ಹೀಗೇ ನಡೆಯಿತು. ಇಸ್ತ್ರಿಯವಳು ಹಾಲೂಡುವಾಗ ಹೊಲಿಗೆಯಮ್ಮ ಅವಳ ಜಾಗದಲ್ಲಿ ನಿಂತು ಅಂಗಿ ಒತ್ತಿದಳು. "ಕಾಲರು ತುದಿಯಿಂದ ನಡುವಿಗೆ ಬನ್ನಿ ದೊಡ್ಡಮ್ಮ," ಎಂದರೆ, "ನೀನು ಹುಟ್ಟೋ ಮುಂಚೆ ನಾನು ಕಾಲರು ಹೊಲೀತಿದ್ದೆ, ಸುಮ್ಮನಿರು," ಎನ್ನುತ್ತಿದ್ದಳು. ಮೇಲಿನಿಂದ ಬೇಯಿಸಿದ ಮೊಟ್ಟೆ, ಬಿಸಿ ಗಂಜಿ, ಸೊಪ್ಪು ಇಳಿದು ಬರುತ್ತಿತ್ತು. "ಇಬ್ಬರಿಗೆ ಹಾಲು ಕೊಡೋಳು ಇಬ್ಬರ ಊಟ ಉಣ್ಣಬೇಕು. ತಟ್ಟೇಲಿ ಬಿಟ್ಟರೆ ನಾನು ಎದ್ದು ಹೋಗಲ್ಲ." ಇಸ್ತ್ರಿಯವಳು ನಗುತ್ತ ಉಣ್ಣುತ್ತಿದ್ದಳು. ಆದರೆ ಊಟ ಮಾಡಿದ ಕೂಡಲೇ ಹಾಲಾಗುವುದಿಲ್ಲ. ಬುಗುರಿ ಸೊರಗಿದ್ದಾನೆಂದು ಅವನಿಗೇ ಮೊದಲು ಕೊಡುತ್ತಿದ್ದಳು. ಕಿಡಿ ಬುಟ್ಟಿಯಲ್ಲಿ ಕೈಕಾಲು ಬಡಿದು ಕೂಗುತ್ತಿತ್ತು. "ಅದು ಗಟ್ಟಿ ಪಿಂಡ, ಕಾಯತ್ತೆ," ಎನ್ನುತ್ತಿದ್ದಳು. ಹೊಲಿಗೆಯಮ್ಮ ಆ ಕೂಗು ಕೇಳಿಸದವಳಂತೆ ಅಂಗಿ ಮಡಿಸುತ್ತಿದ್ದಳು. ಕೇಳಿಸುತ್ತಿತ್ತು.

ಸೊಸೆಗೆ ಮಾತ್ರ ಹೇಳಲಿಲ್ಲ.

"ಏನು ಕುಡೀತಿದ್ದಾನೆ ಅತ್ತೆ?" ಫೋನಿನಲ್ಲಿ ದಿನವೂ ಅದೇ ಪ್ರಶ್ನೆ.

"ಹಾಲು."

"ಯಾವ ಹಾಲು? ಇದ್ದದ್ದು ಎರಡೇ ಬಾಟ್ಲಿ."

"ಕುಡೀತಿದ್ದಾನೆ ಅಂದೆನಲ್ಲ. ಚೆನ್ನಾಗಿದ್ದಾನೆ. ನೀನು ಹೊತ್ತಿಗೆ ಸರಿಯಾಗಿ ಉಣ್ಣು."

ಫೋನು ಇಟ್ಟ ಮೇಲೆ ಲಾರಿಯಜ್ಜ ಹೆಂಡತಿಯನ್ನು ನೋಡಿದ. "ನಿಜ ಹೇಳೇ ಅವಳಿಗೆ."

"ಹೇಳಿದರೆ ಕೆಲಸ ಬಿಡ್ತಾಳೆ. ಕೇಳಿಸ್ಕೊಳ್ಳಲಿಲ್ವಾ ನೀವು, ನನ್ನ ಹಾಲು ಬಿಟ್ಟ ದಿನ ಅಂದಿದ್ದಳು."

"ಹೇಳದೆ ಇದ್ದರೆ ನಿನ್ನ ಮೇಲಿನ ನಂಬಿಕೆ ಬಿಡ್ತಾಳೆ. ಯಾವುದು ದುಬಾರಿ ನೋಡ್ಕೋ."

"ನೀವೇ ಹೇಳಿ ಹಾಗಾದರೆ."

"ನಿನ್ನ ಬಾಯಿಯ ಮಾತು ನನ್ನ ಬಾಯಲ್ಲಿ ಬಂದರೆ ಅದು ಚಾಡಿ. ನಾನು ಹೇಳಲ್ಲ."

ಅದೇ ದಿನ ಸಂಜೆ ಅವಳು ಸೊಪ್ಪು ಬಿಡಿಸುತ್ತಿದ್ದಾಗ ಹೊರಗಿನ ಕೋಣೆಯಲ್ಲಿ ಅವನು ಫೋನಿನಲ್ಲಿ ಯಾರಿಗೋ ದಾರಿ ಹೇಳುವುದು ಕೇಳಿಸಿತು. ಎಷ್ಟೋ ದಿನದ ಮೇಲೆ ದನಿಯಲ್ಲಿ ಹುರುಪಿತ್ತು. "ಎಡಗಡೆ ಕೂರಬೇಕು. ಬಲಗಡೆ ಕೂತರೆ ಕಂದರ ನೋಡಿ ಹೊಟ್ಟೆ ತೊಳಸತ್ತೆ… ನೆತ್ತಿ ಮೇಲೆ ಮುದುಕಿ ಅಂಗಡಿ ಇದೆ, ಅಲ್ಲಿ ಚಹಾ ಕುಡೀಬೇಕು, ಊಟ ಬೇಡ… ಅವನು ನನ್ನ ಹತ್ರ ಕ್ಲೀನರ್ ಆಗಿದ್ದವನು. ಮಂಜಿನಲ್ಲಿ ದಾರಿ ವಾಸನೆ ಹಿಡಿದು ಓಡಿಸ್ತಾನೆ." ಹಳೆಯ ಲಾರಿ ಗೆಳೆಯರ ಜೊತೆ ಹಳೆಯ ಕಥೆ ಆಡುತ್ತಿದ್ದಾನೆ, ಪಾಪ, ಎಂದುಕೊಂಡಳು ಹೊಲಿಗೆಯಮ್ಮ.

ಮರುದಿನ ಹೊತ್ತು ಇಳಿಯುವಾಗ ಬೀದಿಯ ತುದಿಯಲ್ಲಿ ಲಾರಿಯ ಹಾರ್ನು ಕೇಳಿತು. ಇಸ್ತ್ರಿಯವಳ ಮಡಿಲಲ್ಲಿ ಬುಗುರಿ ಕುಡಿದು ಮುಗಿಸಿ ಬಾಯಿ ತೆರೆದುಕೊಂಡೇ ಜೋಂಪು ಹತ್ತಿದ್ದ. ಕಿಡಿ ಬುಟ್ಟಿಯಲ್ಲಿ ಕೂಗಿ ಕೂಗಿ ಗಂಟಲು ಕಟ್ಟಿಕೊಂಡಿತ್ತು. ಹೊಲಿಗೆಯಮ್ಮ ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಹಿಡಿದು ನಿಂತಿದ್ದಳು.

ಮೆಟ್ಟಿಲು ಹತ್ತುವ ಮುಂಚೆ ಕೂಸಿನ ಅಳು ಕೇಳಿ, ಬಾಗಿಲು ತಳ್ಳಿಕೊಂಡು ಸೊಸೆ ಒಳಗೆ ಬಂದಳು.

ತಲೆಕೂದಲಲ್ಲಿ ಧೂಳು. ಕಣ್ಣು ಗುಳಿಬಿದ್ದಿತ್ತು. ಶಾಲನ್ನು ಎದೆಗೆ ಒತ್ತಿಹಿಡಿದಿದ್ದಳು. ಶಾಲು ಎರಡು ಕಡೆ ತೊಯ್ದು ಮೈಗೆ ಅಂಟಿತ್ತು. ಒಂದು ಇಡೀ ಹಗಲು ಕುಲುಕಾಡಿಕೊಂಡು ಬೆಟ್ಟ ಹತ್ತಿ ಇಳಿದು ಬಂದವಳು, ಹೊಸಿಲಲ್ಲೇ ನಿಂತು ತನ್ನ ಮಗು ಯಾರ ಮಡಿಲಲ್ಲಿದೆ ಎಂದು ನೋಡಿದಳು.

ಬುಟ್ಟಿಯಲ್ಲಿ ಕಿಡಿ ಕಟ್ಟಿದ ಗಂಟಲಿನಲ್ಲೇ ಕೂಗುತ್ತಿತ್ತು.

"ಇಸ್ತ್ರಿಪೆಟ್ಟಿಗೆ ಎತ್ತಿ ದೊಡ್ಡಮ್ಮ," ಅಂದಳು ಇಸ್ತ್ರಿಯವಳು ಮೆಲ್ಲಗೆ. "ಅಂಗಿ ಸುಡತ್ತೆ."

ಹೊಲಿಗೆಯಮ್ಮ ಪೆಟ್ಟಿಗೆ ಎತ್ತಿ ಪಕ್ಕಕ್ಕಿಟ್ಟಳು. "ನಾನು ಹೇಳಲಿಲ್ಲ ನಿನಗೆ," ಅಂದಳು. "ಅವನು ಏನೂ ಕುಡೀಲಿಲ್ಲ. ರಾತ್ರಿಯಿಡೀ ಬಟ್ಟೆ ಸರಿಯಾಗಿ ಒದ್ದೆಯಾಗಿರಲಿಲ್ಲ. ನಾನೇ ಇಳಿದು ಬಂದು ಇವಳ ಮುಂದೆ ನಿಂತೆ. ಮುಚ್ಚಿಟ್ಟ ತಪ್ಪು ನಂದು. ಕುಡಿಸಿದ್ದು ಇವಳ ಧರ್ಮ. ಬೈಯೋದಿದ್ದರೆ ನನ್ನ ಬೈ."

ಸೊಸೆ ಬೈಯಲಿಲ್ಲ. ಬಂದು ಮಗುವನ್ನು ಎತ್ತಿಕೊಂಡು ನೆಲದ ಮೇಲೆ ಗೋಡೆಗೊರಗಿ ಕೂತು ಎದೆಗೆ ಹಿಡಿದಳು. ಬುಗುರಿ ಕಣ್ಣು ತೆರೆದ, ಅವಳ ಮುಖ ನೋಡಿದ, ಜಡೆಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದ. ಕುಡಿಯಲು ಮಾತ್ರ ಬಾಯಿ ಹಾಕಲಿಲ್ಲ. ಎರಡನೆಯ ಸಲ ಹಿಡಿದಾಗ ಮುಖ ಪಕ್ಕಕ್ಕೆ ತಿರುಗಿಸಿ, ಆಕಳಿಸಿ, ಅವಳ ತೋಳಿನಲ್ಲೇ ನಿದ್ದೆ ಹೋದ.

"ಬಿಟ್ಟುಬಿಟ್ಟ," ಅಂದಳು ಸೊಸೆ.

"ಬಿಟ್ಟಿಲ್ಲ ಅಕ್ಕ," ಅಂದಳು ಇಸ್ತ್ರಿಯವಳು. "ಹೊಟ್ಟೆ ತುಂಬಿದೆ, ಅಷ್ಟೇ. ನನ್ನ ಜಡೆ ಒಂದು ದಿನವೂ ಹಿಡಿದಿಲ್ಲ ಅವನು."

ಸೊಸೆ ತುಟಿ ಕಚ್ಚಿಕೊಂಡಳು. ಅದು ಅಳುವೋ ನೋವೋ ಹೊಲಿಗೆಯಮ್ಮನಿಗೆ ತಿಳಿಯಲಿಲ್ಲ. ಆಮೇಲೆ ತಿಳಿಯಿತು, ಹೆತ್ತವಳಿಗೆ ತಿಳಿಯದೆ ಇರುತ್ತದೆಯೇ? ತುಂಬಿ ಕಲ್ಲಾದ ಎದೆ ಹೊತ್ತುಕೊಂಡು ಅಷ್ಟು ತಿರುವು ದಾಟಿ ಬಂದಿದ್ದಾಳೆ.

"ಕೆಲಸ ಬಿಟ್ಟು ಬಂದ್ಯಾ?" ಎಂದು ಕೇಳಿದಳು.

"ಎರಡು ದಿನ ರಜೆ ಹೇಳಿ ಬಂದೆ. ಬಿಡೋಣ ಅಂತಲೇ ಲಾರಿ ಹತ್ತಿದ್ದು."

ಬುಟ್ಟಿಯಲ್ಲಿ ಕಿಡಿಯ ದನಿ ಒಡೆದು ಬರಿಯ ಉಸಿರಾಯಿತು. ಇಸ್ತ್ರಿಯವಳು ಅದನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ತಟ್ಟಿದಳು. "ತಡಿಯೇ ನನ್ನವ್ವ, ಇನ್ನು ಸ್ವಲ್ಪ ತಡಿ. ಹಾಲು ಊರಬೇಕಲ್ಲ."

ಸೊಸೆ ತಲೆ ಎತ್ತಿದಳು. ಇಸ್ತ್ರಿಯವಳನ್ನೂ ಅವಳ ಹೆಗಲ ಮೇಲೆ ಬಾಯಿ ಆಡಿಸುತ್ತಿದ್ದ ಮಗುವನ್ನೂ ನೋಡಿದಳು. "ಎಷ್ಟು ಹೊತ್ತಿಂದ ಅಳ್ತಿದೆ ಅದು?"

"ಅದು ಯಾವಾಗಲೂ ಅಳತ್ತೆ ಅಕ್ಕ. ಅಪ್ಪನ ಗಂಟಲು."

"ಇವನಿಗೆ ಮೊದಲು ಕೊಡ್ತಿದ್ದೆಯಾ?"

ಇಸ್ತ್ರಿಯವಳು ಕಿಡಿಯ ಬೆನ್ನು ತಟ್ಟುತ್ತಲೇ ಇದ್ದಳು. ಹೊಲಿಗೆಯಮ್ಮ ಹೇಳಿದಳು. "ಹೌದು. ದಿನಾ."

ಸೊಸೆ ಬುಗುರಿಯನ್ನು ಅತ್ತೆಯ ಕೈಗೆ ಕೊಟ್ಟಳು. ಶಾಲು ಸರಿಪಡಿಸಿಕೊಂಡು ಎರಡೂ ತೋಳು ಮುಂದೆ ಚಾಚಿದಳು. "ಕೊಡಿಲ್ಲಿ ಅದನ್ನ."

ಇಸ್ತ್ರಿಯವಳು ಸೆರಗಿನಿಂದ ಕಿಡಿಯ ಮುಖ ಒರೆಸಿದಳು. ಆಮೇಲೆ ಬಗ್ಗಿ ಕೊಟ್ಟಳು.

ಕಿಡಿಗೆ ತಡಕಾಡುವ ವ್ಯವಧಾನ ಇರಲಿಲ್ಲ. ಹಿಡಿಯಿತು, ಕೆಮ್ಮಿತು, ಮತ್ತೆ ಹಿಡಿಯಿತು. ಮೊದಲ ಗುಟುಕುಗಳಿಗೆ ಸೊಸೆಯ ಮುಖ ನೋವಿಗೆ ಕಿವುಚಿಕೊಂಡು, ನಿಧಾನವಾಗಿ, ಬಿಗಿದ ಗಂಟು ಬಿಚ್ಚಿದಂತೆ ಸಡಿಲಾಯಿತು. ತಲೆಯನ್ನು ಗೋಡೆಗೆ ಆನಿಸಿ ಕಣ್ಣು ಮುಚ್ಚಿದಳು. ಅಂಗಡಿಯಲ್ಲಿ ಕಾದ ಬಟ್ಟೆಯ ವಾಸನೆ, ಮಗು ನುಂಗುವ ಸದ್ದು. ಹೊಲಿಗೆಯಮ್ಮ ಮೊಮ್ಮಗನನ್ನು ತೋಳಿನಲ್ಲಿ ಇಟ್ಟುಕೊಂಡು, ಬಾಯಿಬಿಡದೆ ದೇವರನ್ನು ನೆನೆದಳು. ಏನು ಬೇಡಬೇಕೆಂದು ತೋಚಲಿಲ್ಲ. ಬೇಡದೆಯೇ ಸುಮ್ಮನೆ ನೆನೆದಳು.

ಎಷ್ಟೋ ಹೊತ್ತಿನ ಮೇಲೆ ಸೊಸೆ ಕಣ್ಣು ತೆರೆಯದೆಯೇ ಹೇಳಿದಳು. "ಮಂಜು ಬಿಟ್ಟ ಮೇಲೆ ಪೆಟ್ಟಿಗೇಲಿ ಒಂದು ಬಾಟ್ಲಿ ಜಾಸ್ತಿ ಇರತ್ತೆ ಅತ್ತೆ. ಅದು ಕೆಳಗಿನ ಮನೆಗೆ. ಇವಳು ಸ್ವಲ್ಪ ಚೇತರಿಸ್ಕೊಳ್ಳಲಿ."

ಹಾಗಾದರೆ ಹಿಂದಿರುಗಿ ಹೋಗುತ್ತಾಳೆ. ಹೊಲಿಗೆಯಮ್ಮ ಅದನ್ನು ಕೇಳಿಸಿಕೊಂಡಳು, ಬಾಯಿಬಿಟ್ಟು ಕೇಳಲಿಲ್ಲ. "ಆಗಲಿ," ಅಂದಳು.

"ಕಾಸಬೇಕಾ ಅಕ್ಕ ಅದನ್ನ?" ಅಂದಳು ಇಸ್ತ್ರಿಯವಳು, ಮುಖ ಗಂಭೀರ ಮಾಡಿಕೊಂಡು.

ಅಂದರೆ ಆವತ್ತಿನದೆಲ್ಲ ಕಿಟಕಿಯಿಂದ ಕೇಳಿಸಿತ್ತು. ಹೊಲಿಗೆಯಮ್ಮ ಕೆಮ್ಮಿ, ಮೇಜಿನ ಮೇಲಿನ ಅಂಗಿಯ ತೋಳನ್ನು ಅನವಶ್ಯಕವಾಗಿ ನೀವಿದಳು. ಸೊಸೆಯ ಮುಚ್ಚಿದ ಕಣ್ಣಿನ ಕೆಳಗೆ ತುಟಿಯ ಒಂದು ಕೊನೆ ಅಲುಗಿತು.

ಮೇಲಿನ ಮೆಟ್ಟಿಲಲ್ಲಿ ಲಾರಿಯಜ್ಜನ ಕೋಲು ಟಕ್ ಟಕ್ ಎಂದು ಇಳಿದು ಬಂದು, ಅಂಗಡಿಯ ಮುಚ್ಚಿದ ಬಾಗಿಲಿನ ಮುಂದೆ ನಿಂತಿತು. "ಎಡಗಡೆ ಕೂತ್ಕೊಂಡೇನಮ್ಮ?" ಎಂದು ಹೊರಗಿನಿಂದಲೇ ಕೇಳಿದ.

"ಎಡಗಡೆಯೇ ಮಾವ," ಅಂದಳು ಸೊಸೆ. "ಮುದುಕಿ ಅಂಗಡೀಲಿ ಚಹಾನೂ ಕುಡಿದೆ. ಒಂದು ಹಗಲೇ ದೂರ."

ಹೊರಗೆ ಕೋಲು ಮೆಲ್ಲಗೆ ಹಿಂದಿರುಗಿತು.

ಕಿಡಿಯ ಬಾಯಿ ಸಡಿಲವಾಯಿತು. ಗಲ್ಲದ ಮೇಲೆ ಇಳಿದ ಹಾಲನ್ನು ಸೊಸೆ ಶಾಲಿನ ತುದಿಯಿಂದ ಒರೆಸಿ, ಮಗುವನ್ನು ಹೆಗಲಿಗೆ ಹಾಕಿ ಬೆನ್ನು ಸವರಿ ತೇಗು ತರಿಸಿದಳು. ಆಮೇಲೆ ಎದ್ದು, ಎರಡೂ ಕೈಯಲ್ಲಿ ಹಿಡಿದು, ಹೊಟ್ಟೆ ತುಂಬಿದ ಮಗುವನ್ನು ಇಸ್ತ್ರಿಯವಳ ಮಡಿಲಿಗೆ ಮರಳಿ ಇಟ್ಟಳು.